ಹೊಸ ಟ್ರೇಲರ್‌ಗೆ ಪಿನ್ನು, ರೇಡಿಯಂ, ತಾಡಪತ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಭತ್ತದ ಕಟಾವಿಗೆ ಹದಿನೈದು ದಿನ ಇದೆ ಅನ್ನುವಾಗ ಕಾರಟಗಿಯ ನಮ್ಮ ಅಂಗಡಿ ಮುಂದೆ ಹೊಸ ಟ್ರೇಲರ್‌ಗಳು ಸಾಲುಗಟ್ಟುತ್ತವೆ. ಬಣ್ಣದ ವಾಸನೆ ಹೋಗಿರುವುದಿಲ್ಲ, ಪೂಜೆಯ ಹಾರ ಬಾಡಿರುವುದಿಲ್ಲ. ಬಂದವರು ಮೊದಲು ಕೇಳುವುದು ತಾಡಪತ್ರಿ. ನಾನು ಮೊದಲು ಬಗ್ಗಿ ನೋಡುವುದು ಟ್ರ್ಯಾಕ್ಟರಿಗೆ ಟ್ರೇಲರ್ ಕೂಡಿಸುವ ಪಿನ್ನು. ದಿನಾ ಇದೇ ವಾದ. ಅದಕ್ಕೇ ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ರೈತರು ಕೇಳುವುದನ್ನೆಲ್ಲ ಒಂದು ಕಡೆ ಬರೆದಿಟ್ಟಿದ್ದೇನೆ.

ಹೊಸ ಟ್ರೇಲರ್ ತಂದಿದ್ದೇನೆ. ಮೊದಲು ಏನು ಹಾಕಿಸಲಿ?

ಸರಿಯಾದ ಪಿನ್ನು, ಅದಕ್ಕೆ ಲಾಕು, ಪಕ್ಕದಲ್ಲಿ ಸರಪಳಿ. ಆಮೇಲೆ ಹಿಂದಿನ ದೀಪ, ಬೆಳಕಿಗೆ ಹೊಳೆಯುವ ರೇಡಿಯಂ ಪಟ್ಟಿ. ಆಮೇಲೆ ಸ್ಟ್ಯಾಂಡು, ಮಡ್‌ಗಾರ್ಡ್. ದುಡ್ಡು ಉಳಿದರೆ ತಾಡಪತ್ರಿ. ತಾಡಪತ್ರಿ ಮಾರುವ ನಾನೇ ಹೀಗೆ ಹೇಳಿದರೆ ಜನ ನಗುತ್ತಾರೆ.

ನನಗೆ ಈ ಬುದ್ಧಿ ಬಂದಿದ್ದು ಒಂದು ಸಂಜೆ. ಪಿನ್ನು ಎಲ್ಲೋ ಬಿದ್ದುಹೋಗಿತ್ತು. ಕೈಗೆ ಸಿಕ್ಕ ಬೋಲ್ಟ್ ತೂರಿಸಿ ಅರವತ್ತು ಚೀಲ ಭತ್ತ ಹೇರಿಕೊಂಡು ಹೊರಟೆ. ಕಾಲುವೆ ಸೇತುವೆಯ ಉಬ್ಬು ಹತ್ತಿ ಇಳಿಯುವಾಗ ಬೋಲ್ಟ್ ಕತ್ತರಿಸಿತು. ಸರಪಳಿ ಇರಲಿಲ್ಲ. ಟ್ರೇಲರ್ ಮೂತಿ ನೆಲಕ್ಕೆ ಬಡಿದು, ತಿರುಗಿ, ನೀರು ನಿಂತ ಗದ್ದೆಗೆ ಇಳಿಯಿತು. ಎದುರಿಗೆ ಯಾರೂ ಬರದಿದ್ದದ್ದು ನಮ್ಮ ಪುಣ್ಯ. ಚೀಲಗಳನ್ನು ಕೆಸರಿನಿಂದ ಎತ್ತುವಾಗ ನೋಡಿದೆ, ಮೇಲೆ ಕಟ್ಟಿದ ಹೊಸ ತಾಡಪತ್ರಿಗೆ ಒಂದು ಗೀರೂ ಆಗಿರಲಿಲ್ಲ.

ಪಿನ್ನು ಅಂದರೆ ಪಿನ್ನು. ಅದರಲ್ಲಿ ನೋಡುವುದೇನಿದೆ?

ಮೂರು ವಿಷಯ ಇದೆ. ಒಂದು, ದಪ್ಪ. ಟ್ರ್ಯಾಕ್ಟರ್ ಹುಕ್ಕಿನ ತೂತು, ಟ್ರೇಲರ್ ಮೂತಿಯ ರಿಂಗು, ಇವೆರಡಕ್ಕೂ ಪಿನ್ನು ಹೊಂದಬೇಕು. ಸಡಿಲ ಇದ್ದರೆ ಪ್ರತಿ ಬ್ರೇಕಿಗೂ, ಪ್ರತಿ ಗೇರಿಗೂ ಟಕ್ ಟಕ್ ಅಂತ ಬಡಿಯುತ್ತದೆ. ಬಡಿದು ಬಡಿದು ತೂತು ಮೊಟ್ಟೆ ಆಕಾರಕ್ಕೆ ಬರುತ್ತದೆ. ಎರಡು, ಲೋಹ. ಸೆಂಟ್ರಿಂಗ್ ಸರಳು ಕತ್ತರಿಸಿ ತಲೆಗೆ ವೆಲ್ಡಿಂಗ್ ಮಾಡಿದ್ದು ಪಿನ್ನು ಅಲ್ಲ. ಮೂರು, ಲಾಕು. ಪಿನ್ನು ಮೇಲಿನಿಂದ ಕೆಳಕ್ಕೆ ಹೋಗಬೇಕು, ಕೆಳಗಿನ ತುದಿಯಲ್ಲಿ ಸ್ಪ್ರಿಂಗ್ ಕ್ಲಿಪ್ ಇರಬೇಕು. ಕ್ಲಿಪ್ ಬದಲು ತಂತಿ ಸುತ್ತುವವರಿದ್ದಾರೆ. ತಂತಿ ಒಂದು ಟ್ರಿಪ್ಪಿಗೆ ಸಾಕು ಅಂತ ಸುತ್ತುತ್ತಾರೆ, ಒಂದು ವರ್ಷ ಅದೇ ಇರುತ್ತದೆ.

ಸರಪಳಿಯನ್ನು ಮೂತಿಯ ಕೆಳಗೆ ಅಡ್ಡ ಹಾಯುವ ಹಾಗೆ ಎರಡು ಕಡೆ ಹಾಕಿದರೆ ಒಳ್ಳೆಯದು. ಪಿನ್ನು ಹೋದರೂ ಮೂತಿ ಸರಪಳಿಯ ಮೇಲೆ ಕೂರುತ್ತದೆ. ಪೂರ್ತಿ ತಿರುವು ತೆಗೆದುಕೊಳ್ಳುವಾಗ ಎಳೆಯದಷ್ಟು ಉದ್ದ ಇರಲಿ, ನೆಲಕ್ಕೆ ಉಜ್ಜದಷ್ಟು ಗಿಡ್ಡ ಇರಲಿ.

ಗದ್ದೆಯಲ್ಲಿ ಹೂತುಹೋದರೆ ಮೇಲಿನ ಹುಕ್ಕಿಗೆ ಕಟ್ಟಿ ಎಳೆಯಬಹುದಾ?

ಬೇಡ. ಎಳೆಯಲೆಂದೇ ಇರುವ ಕೆಳಗಿನ ಪಟ್ಟಿ, ಅಂದರೆ ಡ್ರಾಬಾರ್ ಬಿಟ್ಟು ಮೇಲಕ್ಕೆ, ನೇಗಿಲು ಸಿಕ್ಕಿಸುವ ಮೇಲಿನ ತೋಳಿನ (ಟಾಪ್ ಲಿಂಕ್) ಹತ್ತಿರ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಮುಂದಿನ ಚಕ್ರ ಏಳುತ್ತದೆ. ಎದ್ದ ಮೇಲೆ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡು ಸಾಕು. ಡ್ರೈವರಿಗೆ ಕ್ಲಚ್ ತುಳಿಯುವ ಪುರುಸೊತ್ತೂ ಸಿಗುವುದಿಲ್ಲ. ಲೋಡು ಇಳಿಸಿ ಎಳೆಯಿರಿ. ಬೇಜಾರಿನ ಕೆಲಸ, ಗೊತ್ತು.

ಹಿಂದಿನ ದೀಪ ಹಾಕಿಸಿದ್ದೆ. ಒಂದು ತಿಂಗಳಿಗೇ ಹೋಯಿತು. ಬಲ್ಬ್ ಕಳಪೆನಾ?

ಹೆಚ್ಚಿನ ಸಲ ಬಲ್ಬಿನ ತಪ್ಪಿರುವುದಿಲ್ಲ, ಅರ್ಥ್ ತಪ್ಪಿರುತ್ತದೆ. ಹೊಸ ಟ್ರೇಲರ್ ಮೇಲೆ ದಪ್ಪ ಬಣ್ಣ ಇರುತ್ತದೆ. ಬಣ್ಣದ ಮೇಲೆ ಅರ್ಥ್ ತಂತಿ ಸ್ಕ್ರೂ ಮಾಡಿದರೆ ಕರೆಂಟ್ ಸರಿಯಾಗಿ ವಾಪಸ್ ಹೋಗುವುದಿಲ್ಲ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ, ಲೈಟ್ ಹಾಕಿದರೆ ಎಲ್ಲವೂ ಮಂಕು. ಬಣ್ಣ ಕೆರೆದು, ಬರೀ ಕಬ್ಬಿಣಕ್ಕೆ ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಮೂತಿಯ ಪಿನ್ನೇ ಅರ್ಥ್ ಕೊಡುತ್ತದೆ ಅಂತ ನಂಬಬೇಡಿ. ಸಾಕೆಟ್ ಮೂಲಕ ಬೇರೆ ತಂತಿಯೇ ಬರಲಿ.

ಏಳು ಪಿನ್ನಿನ, 12 ವೋಲ್ಟಿನ ಸಾಕೆಟ್ ಹಾಕಿಸಿ. ಅದರ ಅಂತರರಾಷ್ಟ್ರೀಯ ಕ್ರಮದಲ್ಲಿ ಬಿಳಿ ತಂತಿ ಅರ್ಥ್, ಹಳದಿ ಎಡಗಡೆ ಇಂಡಿಕೇಟರ್, ಹಸಿರು ಬಲಗಡೆಯದು, ಕೆಂಪು ಬ್ರೇಕ್. ನಮ್ಮ ಕಡೆ ಅಂಗಡಿಯಲ್ಲಿ ಯಾವ ಬಣ್ಣದ ತಂತಿ ಇತ್ತೋ ಅದನ್ನೇ ಎಳೆದಿರುತ್ತಾರೆ. ಹಾಗಾಗಿ ಬಣ್ಣ ನಂಬದೆ ಒಂದೊಂದೇ ತಂತಿಗೆ ಬಲ್ಬ್ ಹಿಡಿದು ನೋಡಿ. ತಂತಿಯನ್ನು ಚಾಸಿಯ ಒಳಮೈಗೆ, ಪೈಪಿನೊಳಗೆ ತನ್ನಿ. ಕೆಳಗೆ ನೇತಾಡುವ ತಂತಿಯನ್ನು ಮೊದಲ ಕೊಯ್ಲಿನಲ್ಲೇ ಕೂಳೆ ಕಿತ್ತುಹಾಕುತ್ತದೆ. ಟ್ರೇಲರ್ ಬಿಚ್ಚಿದಾಗ ಪ್ಲಗ್ಗನ್ನು ನೆಲಕ್ಕೆ ಬಿಡಬೇಡಿ. ಮೂತಿಗೆ ಒಂದು ಕೊಕ್ಕೆ ಹಾಕಿಸಿ ಅದಕ್ಕೆ ಸಿಕ್ಕಿಸಿಡಿ.

ರೇಡಿಯಂ ಯಾವ ಬಣ್ಣ, ಎಲ್ಲಿ ಅಂಟಿಸಬೇಕು?

ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಅಂದ ಹಾಗೆ ಇದರಲ್ಲಿ ರೇಡಿಯಂ ಅನ್ನುವ ವಸ್ತು ಇಲ್ಲ. ಹಿಂದಿನ ಗಾಡಿಯ ಬೆಳಕನ್ನು ಬಂದ ದಾರಿಗೇ ವಾಪಸ್ ಕಳಿಸುವ ಪಟ್ಟಿ ಅಷ್ಟೇ. ಬೆಳಕು ಬೀಳದಿದ್ದರೆ ಅದೂ ಕಪ್ಪೇ. ಆದ್ದರಿಂದ ದೀಪದ ಬದಲು ರೇಡಿಯಂ ಅನ್ನುವ ಲೆಕ್ಕ ಬೇಡ.

ನಕಲಿ ಪಟ್ಟಿ ಜಾಸ್ತಿ ಬರುತ್ತದೆ. ಹಗಲಿಗೆ ಎರಡೂ ಒಂದೇ ಥರ ಹೊಳೆಯುತ್ತವೆ. ರಾತ್ರಿ ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ಮೂವತ್ತು ನಲವತ್ತು ಹೆಜ್ಜೆ ದೂರದಿಂದ ನೋಡಿ. ಒಳ್ಳೆಯದು ಬೆಂಕಿಯ ಹಾಗೆ ಉರಿಯುತ್ತದೆ, ನಕಲಿ ಬರೀ ಬಣ್ಣದ ಕಾಗದ. ಹಸಿ ಬಣ್ಣದ ಮೇಲೆ ಅಂಟಿಸಿದರೆ ಬಣ್ಣದ ಸಮೇತ ಕಿತ್ತುಬರುತ್ತದೆ. ಬಣ್ಣ ಪೂರ್ತಿ ಒಣಗಲಿ, ಆಮೇಲೆ ಧೂಳು, ಎಣ್ಣೆ ಒರೆಸಿ ಅಂಟಿಸಿ. ಹಿಂದಿನ ಹಲಗೆ ಇಳಿಸಿ ಓಡಿಸುವ ರೂಢಿ ಇದ್ದರೆ ಹಲಗೆಗೆ ಮಾತ್ರ ಅಂಟಿಸಬೇಡಿ, ಚಾಸಿಯ ಹಿಂದಿನ ಪಟ್ಟಿಗೂ ಬೇಕು.

ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಮೇಲೆ ಹೋಗುವ 150ಎ ಹೆದ್ದಾರಿಯಲ್ಲಿ ರಾತ್ರಿ ಒಮ್ಮೆ ಬೈಕ್ ಓಡಿಸಿ ನೋಡಿ. ಮುಂದೆ ದೀಪವಿಲ್ಲದ ಟ್ರೇಲರ್ ಇದ್ದರೆ ಅದು ಕಾಣುವುದು ಹತ್ತು ಮಾರು ದೂರಕ್ಕೆ ಬಂದ ಮೇಲೆ.

ಇನ್ನು ತಾಡಪತ್ರಿ ಹೇಳಿ. ಯಾವುದು ತಗೊಳ್ಳಲಿ?

ಕೆಲವರು ತಾಡಪಾಲು ಅನ್ನುತ್ತಾರೆ, ಸರ್ಕಾರದ ಕಾಗದದಲ್ಲಿ ಟಾರ್ಪಾಲಿನ್. ಅಂಗಡಿಯಲ್ಲಿ ಮೂರು ಜಾತಿ ಸಿಗುತ್ತದೆ. ಪ್ಲಾಸ್ಟಿಕ್ ನೇಯ್ಗೆಯ ಎಚ್‌ಡಿಪಿಇ ಹಗುರ, ಅಗ್ಗ, ನೀರು ಬಿಡುವುದಿಲ್ಲ. ಬಿಸಿಲು ಅದರ ಶತ್ರು. ಪಿವಿಸಿ ತುಂಬಾ ಭಾರ, ಲಾರಿಯವರಿಗೆ ಸರಿ. ಸಂಡೂರು ಕಡೆ ಅದಿರು ಹೊರುವ ಗಾಡಿಗಳಲ್ಲಿ ನೋಡಿರುತ್ತೀರಿ. ಮೂರನೆಯದು ಹತ್ತಿಯ ಕ್ಯಾನ್ವಾಸ್. ಇದಕ್ಕೆ ಉಸಿರಾಡುವ ಗುಣ ಇದೆ, ಒಳಗಿನ ಹಬೆ ಹೊರಗೆ ಹೋಗುತ್ತದೆ. ಆದರೆ ನೆನೆದರೆ ಇಬ್ಬರು ಎತ್ತಬೇಕು, ಒದ್ದೆ ಮಡಚಿಟ್ಟರೆ ಕೊಳೆಯುತ್ತದೆ.

ಭತ್ತ, ಜೋಳ, ಮೆಕ್ಕೆಜೋಳ ಸಾಗಿಸುವವರಿಗೆ ಎಚ್‌ಡಿಪಿಇ ಸಾಕು. ಆದರೆ ಬಿಸಿಲು ತಡೆಯುವ ಯುವಿ ಅಂಶ ಸೇರಿಸಿದ್ದು ಇರಲಿ, ಐಎಸ್ 7903 ಅನ್ನುವ ಐಎಸ್‌ಐ ಗುರುತು ಇರಲಿ. ರಾಯಚೂರಿನ ಏಪ್ರಿಲ್, ಮೇ ಬಿಸಿಲು ನಿಮಗೇ ಗೊತ್ತು. ಯುವಿ ಇಲ್ಲದ್ದು ಒಂದು ಬೇಸಿಗೆ ಹೊರಗೆ ಬಿದ್ದರೆ ಮಳೆಗಾಲಕ್ಕೆ ಹಪ್ಪಳ. ಬೆರಳು ಒತ್ತಿದರೆ ಪುಡಿ ಉದುರುತ್ತದೆ.

ಅಂಗಡಿಯವರು 200 ಜಿಎಸ್‌ಎಂ ಅಂತಾರೆ. ನಂಬುವುದು ಹೇಗೆ?

ತೂಗಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಉದ್ದ ಅಗಲ ಅಡಿಯಲ್ಲಿ ಗುಣಿಸಿ 10.76ರಿಂದ ಭಾಗಿಸಿದರೆ ಚದರ ಮೀಟರ್ ಸಿಗುತ್ತದೆ. 20 ಅಡಿಗೆ 15 ಅಡಿ ಅಂದರೆ 300 ಚದರ ಅಡಿ, ಸುಮಾರು 27.9 ಚದರ ಮೀಟರ್. 200 ಜಿಎಸ್‌ಎಂ ನಿಜವಾಗಿದ್ದರೆ ಹತ್ತಿರ ಹತ್ತಿರ ಐದೂವರೆ ಕೆಜಿ ತೂಗಬೇಕು. ಮೂರೂವರೆ ಕೆಜಿಗಿಂತ ಕಡಿಮೆ ಬಂದರೆ ಅದು 120ರ ಮಾಲು. ತೂಗುವ ಮುಂಚೆ ಟೇಪು ಹಿಡಿದು ಅಳತೆಯನ್ನೂ ನೋಡಿ. ಅಂಚು ಮಡಚಿ ಹೊಲಿದ ಮೇಲೆ 20 ಅಡಿಯದು 19 ಚಿಲ್ಲರೆ ಆಗಿರುತ್ತದೆ. ಅಕ್ಕಪಕ್ಕದ ಕಿರಾಣಿ ಅಂಗಡಿಯ ತಕ್ಕಡಿ ಸಾಕು. ತೂಗಲು ಬಿಡದ ಅಂಗಡಿಯಿಂದ ಎದ್ದು ಬನ್ನಿ, ನಮ್ಮ ಅಂಗಡಿಯಾದರೂ ಸರಿ.

ನನ್ನ ಟ್ರೇಲರ್ 11 ಅಡಿಗೆ ಆರೂವರೆ ಅಡಿ. 12ಕ್ಕೆ 8ರದ್ದು ಸಾಕಲ್ವಾ?

ಸಾಲದು. ಟ್ರೇಲರ್ ಅಳೆಯಬೇಡಿ, ಲೋಡು ಅಳೆಯಿರಿ. ಹಲಗೆಯ ಮಟ್ಟಕ್ಕೆ ಕಾಳು ತುಂಬುವವರಾದರೆ ಸುತ್ತಲೂ ಒಂದೂವರೆ ಅಡಿ ಇಳಿಬೀಳಬೇಕು. ಅಂದರೆ 14ಕ್ಕೆ ಒಂಬತ್ತೂವರೆ. ಚೀಲ ಹೇರಿ ಹಲಗೆಗಿಂತ ಮೂರು ಅಡಿ ಮೇಲೆ ಹೋಗುವವರಾದರೆ ಪ್ರತಿ ಕಡೆಗೂ ಆ ಮೂರು ಅಡಿ, ಜೊತೆಗೆ ಕೆಳಗೆ ಇಳಿಯಲು ಒಂದು ಅಡಿ. ಆಗ 19ಕ್ಕೆ ಹದಿನಾಲ್ಕೂವರೆ. 20ಕ್ಕೆ 15ರದ್ದು ತಗೊಂಡರೆ ಸರಿ ಹೋಗುತ್ತದೆ.

ದೊಡ್ಡದಿದ್ದರೆ ನಷ್ಟ ಏನು ಅಂತ 30 ಅಡಿಯದು ತಗೊಳ್ಳುವವರೂ ಇದ್ದಾರೆ. ಉಳಿದ ಬಟ್ಟೆ ಹಿಂದೆ ಇಳಿಬಿದ್ದು ದೀಪ, ನಂಬರ್ ಪ್ಲೇಟ್, ರೇಡಿಯಂ ಮೂರನ್ನೂ ಮುಚ್ಚುತ್ತದೆ. ಪಕ್ಕದಲ್ಲಿ ಇಳಿಬಿದ್ದರೆ ಟೈರು ಎಳೆದುಕೊಳ್ಳುತ್ತದೆ.

ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿಗೆ ಸಿಕ್ಕಿದ್ದೇ ಹಾಕಿಕೊಳ್ಳಲಾ?

ಅಲ್ಲಿ ಸಿಗುವುದು ಸಾಮಾನ್ಯವಾಗಿ 8 ಮೀಟರ್‌ಗೆ 6 ಮೀಟರ್. ಅಂದರೆ 26 ಅಡಿಗೆ ಸುಮಾರು 20 ಅಡಿ. ಕಣಕ್ಕೆ, ರಾಶಿ ಮುಚ್ಚಲಿಕ್ಕೆ ಅದು ಬಂಗಾರ. ಟ್ರೇಲರ್‌ಗೆ ಜಾಸ್ತಿ ಆಯಿತು. ಕತ್ತರಿಸಿದರೆ ಒಂದು ಕಡೆಯ ಕಣ್ಣು (ಹಗ್ಗ ಪೋಣಿಸುವ ತೂತು), ಅಂಚಿನ ಹಗ್ಗ ಎರಡೂ ಹೋಗುತ್ತವೆ. ಅದನ್ನು ಕಣಕ್ಕೇ ಇಟ್ಟುಕೊಳ್ಳಿ.

ಕಟ್ಟಿದ್ದು ಅರ್ಧ ದಾರಿಗೆ ಬಿಚ್ಚಿಕೊಳ್ಳುತ್ತದೆ. ಯಾಕೆ?

ಗಾಳಿ ಒಳಗೆ ಹೋಗಲು ಎಲ್ಲೋ ಬಾಯಿ ಬಿಟ್ಟಿದ್ದೀರಿ. ಗಾಳಿ ಮುಂದಿನಿಂದ ಬರುತ್ತದೆ, ಆದ್ದರಿಂದ ಮುಂದಿನ ಅಂಚು ಮೊದಲು. ಅದನ್ನು ಹಲಗೆಯ ಹೊರಗೆ ಪೂರ್ತಿ ಇಳಿಸಿ, ಎರಡು ಮೂಲೆಗಳನ್ನು ಪಕ್ಕಕ್ಕೆ ಮಡಚಿ, ಪಕ್ಕದ ಬಟ್ಟೆ ಆ ಮಡಿಕೆಯ ಮೇಲೆ ಬರುವ ಹಾಗೆ ಎಳೆದು ಕಟ್ಟಿ. ಎರಡು ತಾಡಪತ್ರಿ ಹಾಕುವುದಾದರೆ ಮೊದಲು ಹಿಂದಿನದು ಹಾಸಿ, ಅದರ ಮೇಲೆ ಎರಡು ಅಡಿ ಹತ್ತುವಂತೆ ಮುಂದಿನದು ಬರಲಿ. ಹೆಂಚು ಹೊದಿಸುವ ಹಾಗೆಯೇ. ಉಲ್ಟಾ ಹಾಕಿದರೆ ಅದು ಹಾಯಿಹಡಗು.

ಕಣ್ಣುಗಳಿಗೆ ನೇರ ನೈಲಾನ್ ಹಗ್ಗ ಬಿಗಿದರೆ ಪ್ರತಿ ಜಂಪಿಗೂ ಜಗ್ಗಿ ಕಣ್ಣು ಕಿತ್ತುಬರುತ್ತದೆ. ಹಳೆ ಟ್ಯೂಬ್ ಪಟ್ಟಿ ಕತ್ತರಿಸಿ, ಅದರ ಮೂಲಕ ಕೊಕ್ಕೆಗೆ ಕಟ್ಟಿ. ರಬ್ಬರ್ ಜಗ್ಗಿ ವಾಪಸ್ ಬರುತ್ತದೆ. ಇದಕ್ಕಿಂತ ಒಳ್ಳೆಯ ಸಾಮಾನನ್ನು ನಾನು ಇನ್ನೂ ಮಾರಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. ಮೇಲೆ ಅಡ್ಡಡ್ಡ ಎರಡು ಮೂರು ಹಗ್ಗ ಬೇಕೇ ಬೇಕು, ಇಲ್ಲದಿದ್ದರೆ ನಡುಭಾಗ ಡೊಳ್ಳಿನ ಹಾಗೆ ಉಬ್ಬಿ ಬಡಿಯುತ್ತದೆ. ಹೊಸ ಟ್ರೇಲರ್ ಹಲಗೆಯ ಅಂಚು ಚೂಪು ಇರುತ್ತದೆ. ನೀರಿನ ಹಳೆ ಪೈಪು ಉದ್ದಕ್ಕೆ ಸೀಳಿ ಅಂಚಿಗೆ ತೊಡಿಸಿ, ತಾಡಪತ್ರಿಯೂ ಉಳಿಯುತ್ತದೆ, ಬಣ್ಣವೂ ಉಳಿಯುತ್ತದೆ.

ಹೊರಟು ನಾಲ್ಕೈದು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಲೋಡು ಕುಳಿತಿರುತ್ತದೆ, ಹಗ್ಗ ಸಡಿಲ ಆಗಿರುತ್ತದೆ. ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ದಯವಿಟ್ಟು ಆ ಕಲ್ಲು ಎತ್ತಿ ಆಚೆ ಹಾಕಿ. ರಾತ್ರಿ ಬೈಕಿನವರು ಅದೇ ಕಲ್ಲಿಗೆ ಬೀಳುತ್ತಾರೆ.

ಹಸಿ ಭತ್ತಕ್ಕೂ ಬಿಗಿಯಾಗಿ ಮುಚ್ಚಬೇಕಾ?

ಮಳೆ ಇಲ್ಲದಿದ್ದರೆ ಬೇಡ. ಮಷಿನ್ ಕೊಯ್ದ ಭತ್ತದಲ್ಲಿ ತೇವ ನೂರಕ್ಕೆ 20 ದಾಟಿರುವುದು ಮಾಮೂಲು. ಪ್ಲಾಸ್ಟಿಕ್ ಕೆಳಗೆ ಬಿಗಿಯಾಗಿ ಮುಚ್ಚಿ ಮಿಲ್ಲಿನ ಮುಂದೆ ಒಂದು ರಾತ್ರಿ ಪಾಳಿ ಕಾದರೆ ಒಳಗೆ ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಬೆಳಗ್ಗೆ ತಾಡಪತ್ರಿಯ ಒಳಮೈಯಲ್ಲಿ ನೀರು ಹನಿಗಟ್ಟಿರುತ್ತದೆ. ಕಾಳು ಬಣ್ಣ ಕೆಡುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವ 17ರ ಒಳಗಿರಬೇಕು ಅನ್ನುವುದು ನೆನಪಿರಲಿ. ನಿಂತಲ್ಲಿ ಎರಡೂ ಪಕ್ಕ ಎತ್ತಿ ಕಟ್ಟಿ ಗಾಳಿ ಆಡಲು ಬಿಡಿ.

ಎರಡನೇ ಬೆಳೆಯ ಕೊಯ್ಲಿನವರ ಕಥೆ ಬೇರೆ. ಏಪ್ರಿಲ್, ಮೇ ಸಂಜೆ ಗಾಳಿ ಎದ್ದು ಹತ್ತು ನಿಮಿಷಕ್ಕೆ ಮಳೆ ಸುರಿಯುತ್ತದೆ, ಕೆಲವು ಸಲ ಆಲಿಕಲ್ಲು. ಅವರು ಮೂರು ಕಬ್ಬಿಣದ ಪೈಪು ಬಗ್ಗಿಸಿ ಕಮಾನು ಮಾಡಿಸಿಕೊಳ್ಳಲಿ. ಹಲಗೆಯ ಕೊಳವೆಗೆ ಸಿಕ್ಕಿಸುವುದು, ಬೇಡವಾದಾಗ ಕೀಳುವುದು. ಇಳಿಜಾರು ಇದ್ದರೆ ನೀರು ನಿಲ್ಲುವುದಿಲ್ಲ. ಚಪ್ಪಟೆ ಹೊದಿಸಿದರೆ ನಡುವೆ ಕೆರೆ ಆಗುತ್ತದೆ, ಆ ಭಾರಕ್ಕೇ ಹರಿಯುತ್ತದೆ.

ನಾವು ರಾಯಚೂರಿಗೆ ಹತ್ತಿ ಒಯ್ಯುವವರು. ಅದೇ ತಾಡಪತ್ರಿ ನಡೆಯುತ್ತದಾ?

ಹೊಸದಿದ್ದರೆ ನಡೆಯುತ್ತದೆ, ಹಳೆಯದಿದ್ದರೆ ಬೇಡ. ಬಿಸಿಲಿಗೆ ಸವೆದ ತಾಡಪತ್ರಿಯಿಂದ, ಪ್ಲಾಸ್ಟಿಕ್ ಹಗ್ಗದಿಂದ, ಗೊಬ್ಬರದ ಚೀಲದಿಂದ ಎಳೆ ಎಳೆ ಬಿಚ್ಚಿ ಹತ್ತಿಯಲ್ಲಿ ಸೇರುತ್ತದೆ. ಬೀಜ ಬಿಡಿಸುವ ಜಿನ್ನಿಂಗ್‌ನಲ್ಲಿ ಅದು ಬೇರೆ ಆಗುವುದಿಲ್ಲ. ನೂಲಾಗಿ, ಬಟ್ಟೆಯಾಗಿ, ಬಣ್ಣ ಹಾಕಿದ ಮೇಲೆ ಕಾಣುತ್ತದೆ, ಯಾಕೆಂದರೆ ಪ್ಲಾಸ್ಟಿಕ್ ಎಳೆ ಆ ಬಣ್ಣ ಹಿಡಿಯುವುದಿಲ್ಲ. ಹತ್ತಿಗೆ ಮುಟ್ಟುವ ಕಡೆ ಹತ್ತಿ ಬಟ್ಟೆ ಅಥವಾ ಕ್ಯಾನ್ವಾಸ್, ಅದರ ಮೇಲೆ ಪ್ಲಾಸ್ಟಿಕ್. ಇದು ನನ್ನ ಆಯ್ಕೆ. ಖರೀದಿಯಲ್ಲಿ 8ರಿಂದ 12ರವರೆಗಿನ ತೇವ ನೋಡುತ್ತಾರೆ, ಆದ್ದರಿಂದ ಇಬ್ಬನಿಗೂ ಮುಚ್ಚಬೇಕು. ಟ್ರ್ಯಾಕ್ಟರ್ ಸೈಲೆನ್ಸರ್ ಕಿಡಿ ಕಾರುತ್ತಿದ್ದರೆ ಅದನ್ನು ಮೊದಲು ರಿಪೇರಿ ಮಾಡಿಸಿ. ಹತ್ತಿಯ ಮೇಲೆ ಕುಳಿತು ಬೀಡಿ ಸೇದುವವನನ್ನು ಕೆಳಗೆ ಇಳಿಸಿ.

ಭತ್ತದ ಹುಲ್ಲಿಗೆ?

ಹಗ್ಗ ಸಾಕು. ಎತ್ತರ ಮಾತ್ರ ನೋಡಿ. ಹೊಲದ ಮೇಲೆ ಜೋತುಬಿದ್ದ ಕರೆಂಟ್ ತಂತಿಗೆ ಹುಲ್ಲು ತಾಗಿ ಟ್ರ್ಯಾಕ್ಟರ್ ಸಮೇತ ಸುಟ್ಟದ್ದನ್ನು ನಮ್ಮ ಕಡೆ ಯಾರು ನೋಡಿಲ್ಲ ಹೇಳಿ.

ಹೈಡ್ರಾಲಿಕ್ ಟ್ರೇಲರ್‌ಗೆ ಬೇರೆ ಏನಾದರೂ ಬೇಕಾ?

ಎಣ್ಣೆ ಪೈಪಿನ ಬಾಯಿಗೆ ಧೂಳು ಹೋಗದ ಕ್ಯಾಪು. ಪೈಪು ಚಾಸಿಗೆ ಉಜ್ಜುವ ಕಡೆ ರಬ್ಬರ್ ತೋಳು. ಟಿಪ್ ಮಾಡುವ ಮುಂಚೆ ತಾಡಪತ್ರಿ, ಹಗ್ಗ ಎಲ್ಲ ಪೂರ್ತಿ ಬಿಚ್ಚಬೇಕು. ಒಂದು ಮೂಲೆ ಕಟ್ಟಿದ್ದು ಮರೆತರೆ ಕಾಳು ಒಂದೇ ಕಡೆ ಜಾರಿ ಟ್ರೇಲರ್ ವಾಲುತ್ತದೆ. ಎತ್ತಿದ ಬಾಡಿಯ ಕೆಳಗೆ ಗ್ರೀಸ್ ಹಚ್ಚಲು ತಲೆ ಹಾಕುವ ಮುಂಚೆ ಕಬ್ಬಿಣದ ಆಸರೆ ಕೊಡಿ. ಎಣ್ಣೆಯನ್ನು ನಂಬಿ ತಲೆ ಹಾಕಬೇಡಿ.

ಹಲಗೆ ಎರಡು ಅಡಿ ಎತ್ತರಿಸಿ ವೆಲ್ಡಿಂಗ್ ಮಾಡಿಕೊಡ್ತೀರಾ?

ಇಲ್ಲ. ಆರ್‌ಸಿಯಲ್ಲಿ ಬರೆದ ಅಳತೆ ಬದಲಾಗುತ್ತದೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಭಾರದ್ದು. ನಮ್ಮ ಕಡೆ ಭತ್ತದ ಚೀಲ 75 ಕೆಜಿ. ನೂರು ಚೀಲ ಅಂದರೆ ಏಳೂವರೆ ಟನ್. ನಿಮ್ಮ ಆರ್‌ಸಿ ತೆಗೆದು ಎಷ್ಟಕ್ಕೆ ಪರವಾನಗಿ ಇದೆ ಅಂತ ಓದಿ. 2019ರ ತಿದ್ದುಪಡಿ ಆದ ಮೇಲೆ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ಅಂತ ಬರೆದಿದೆ. ಲೋಡು ಪಕ್ಕಕ್ಕೆ, ಹಿಂದಕ್ಕೆ ಚಾಚಿದರೂ 20,000. ನಮ್ಮ ಹೆಚ್ಚಿನ ಟ್ರೇಲರ್‌ಗಳಿಗೆ ಬ್ರೇಕೇ ಇಲ್ಲ. ಇಳಿಜಾರಿನಲ್ಲಿ ಆ ಏಳೂವರೆ ಟನ್ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ರಸ್ತೆಗೆ ಬರುವ ಮುಂಚೆ ಟ್ರ್ಯಾಕ್ಟರಿನ ಎಡ, ಬಲ ಚಕ್ರದ ಎರಡು ಬ್ರೇಕ್ ಪೆಡಲ್ ಸೇರಿಸಿ ಲಾಕು ಹಾಕಿದ್ದೀರಾ ನೋಡಿ.

ವಿಮೆ ಟ್ರ್ಯಾಕ್ಟರ್‌ಗೆ ಇದೆ. ಸಾಕಲ್ವಾ?

ಟ್ರೇಲರ್ ನಂಬರ್ ಅದೇ ಪಾಲಿಸಿಯಲ್ಲಿ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ. ಟ್ರೇಲರ್‌ನಲ್ಲಿ ಮದುವೆ ಜನರನ್ನು, ಕೂಲಿಯವರನ್ನು ತುಂಬಿಕೊಂಡು ಹೋಗುವುದಕ್ಕೆ ಯಾವ ಪರಿಕರವೂ ನಮ್ಮಲ್ಲಿಲ್ಲ. ಕೇಳಬೇಡಿ.

ಗೊಂಡೆ, ಬಣ್ಣದ ಎಲ್‌ಇಡಿ, ಹೆಸರು ಬರೆಸುವುದು?

ಹೆಸರು ಬರೆಸಿ, ಸಂತೋಷ. ಹಿಂದುಗಡೆ ನೀಲಿ, ಹಸಿರು ದೀಪ ಮಿನುಗಿಸಬೇಡಿ. ಹಿಂದಿನವನಿಗೆ ಗಾಡಿ ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯುವುದಿಲ್ಲ. ಚಾಸಿ ನಂಬರಿನ ಮೇಲೆ ಬಣ್ಣ ಬಳಿಯಬೇಡಿ.

ತಾಡಪತ್ರಿಯ ಕಣ್ಣು ಕಿತ್ತುಹೋಗಿದೆ. ಎಸೆಯಲಾ?

ಬೇಡ. ಒಂದು ನುಣುಪು ಕಲ್ಲು, ನಿಂಬೆಹಣ್ಣಿನ ಗಾತ್ರದ್ದು, ಬಟ್ಟೆಯ ಕೆಳಗಿಟ್ಟು, ಮೇಲಿನಿಂದ ಬಟ್ಟೆ ಸಮೇತ ಹಗ್ಗ ಸುತ್ತಿ ಬಿಗಿಯಿರಿ. ಹೊಸ ಕಣ್ಣಿಗಿಂತ ಗಟ್ಟಿ. ಹರಿದ ಕಡೆ ಸೂಜಿ ಹಾಕಬೇಡಿ, ಪ್ರತಿ ತೂತೂ ನೀರು ಬಿಡುತ್ತದೆ. ಅದೇ ಬಟ್ಟೆಯ ತುಂಡನ್ನು ಎರಡೂ ಕಡೆಯಿಂದ ಅಂಟಿಸಿ. ಮಡಚುವ ಮುಂಚೆ ಕೊಡವಿ, ಒಣಗಿಸಿ. ಮಡಿಕೆಯಲ್ಲಿ ನಾಲ್ಕು ಕಾಳು ಉಳಿದರೂ ಇಲಿ ಬರುತ್ತದೆ. ಇಲಿ ಕಾಳು ತಿಂದು ಸುಮ್ನೆ ಹೋಗುವುದಿಲ್ಲ, ಮಡಿಕೆ ಪೂರ್ತಿ ಕೊರೆಯುತ್ತದೆ. ಬಿಚ್ಚಿದಾಗ ಒಂದೇ ತೂತು ಎಂಟು ಕಡೆ ಇರುತ್ತದೆ.

ಟ್ರೇಲರ್ ತರಲು ಆಗುವುದಿಲ್ಲ. ಫೋನಿನಲ್ಲೇ ಅಳತೆ ಹೇಳಿದರೆ ಹೊಲಿದು ಇಡುತ್ತೀರಾ?

ಇಡುತ್ತೇವೆ. ಹಲಗೆಯ ಹೊರ ಅಂಚಿನಿಂದ ಹೊರ ಅಂಚಿಗೆ ಉದ್ದ, ಅಗಲ. ಹಲಗೆಯ ಎತ್ತರ. ಲೋಡು ಹಲಗೆ ಮೇಲೆ ಎಷ್ಟು ಏರುತ್ತದೆ. ಪಕ್ಕದ ಕೊಕ್ಕೆಗಳ ನಡುವಿನ ಅಂತರ. ಹಿಂದಿನ ದೀಪ ನೆಲದಿಂದ ಎಷ್ಟು ಅಡಿ ಮೇಲಿದೆ ಅನ್ನುವುದನ್ನೂ ಹೇಳಿ, ಹಿಂದಿನ ಅಂಚನ್ನು ಅಲ್ಲಿಗೇ ನಿಲ್ಲಿಸಿ ಹೊಲಿಯುತ್ತೇವೆ. ಜೊತೆಗೆ ಪಿನ್ನಿನ ಒಂದು ಫೋಟೋ ಕಳಿಸಿ.